ಅರಿಶಿನ ಕುಂಕುಮಕ್ಕೆ 50 ಸಾವಿರ: ಸಹಿ ಹಾಕಲೇ?

ಪ್ರಶ್ನೆ: ನನಗೀಗ 52 ವರ್ಷ. ತವರು ಕೆ.ಆರ್. ಪೇಟೆ ತಾಲ್ಲೂಕು. 1992ರಲ್ಲಿ ಮದುವೆಯಾಯಿತು, 1998ರಲ್ಲಿ ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ತಾತನ ಕಾಲದ 4 ಎಕರೆ ಗದ್ದೆ, ಒಂದು ಮನೆ ಇದೆ. ಖಾತೆ ಅಣ್ಣನ ಹೆಸರಿಗಾಗಿದೆ. ಈಗ ಒಂದು ಎಕರೆ ಮಾರುತ್ತಿದ್ದಾರೆ. ‘ಅರಿಶಿನ ಕುಂಕುಮಕ್ಕೆ 50 ಸಾವಿರ ಕೊಡ್ತೀವಿ, ಸೋಮವಾರ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು’ ಅಂತಿದ್ದಾರೆ. ಅಪ್ಪ ಇದ್ದಾಗಲೇ ಬಾಯಿಮಾತಲ್ಲಿ ಭಾಗವಾಗಿದೆ ಅಂತಲೂ ಅಣ್ಣ ಹೇಳುತ್ತಾನೆ. ಅಮ್ಮನೂ ‘ಹಾಕ್ಬಿಡವ್ವ, ನಿಂಗೆ ತವರು ಬೇಡ್ವಾ’ ಅನ್ನುತ್ತಾರೆ. ನನಗೆ ಹಕ್ಕಿದೆಯೇ?

ಉತ್ತರ: ಇದೆ. ಹಕ್ಕೇ ಇಲ್ಲದವರ ಸಹಿ ಯಾರಿಗೂ ಬೇಕಾಗುವುದಿಲ್ಲ. ಜಮೀನು ಕೊಳ್ಳುವವರ ವಕೀಲರು ವಂಶವೃಕ್ಷ ತೆಗೆಸಿ, ಅದರಲ್ಲಿ ನಿಮ್ಮ ಹೆಸರು ನೋಡಿ, ‘ತಂಗಿ ಸಹಿ ಎಲ್ಲಿ?’ ಎಂದು ಕೇಳಿರುತ್ತಾರೆ. ಅರಿಶಿನ ಕುಂಕುಮ ನೆನಪಾಗುವುದು ಆಮೇಲೆ.

ನಿಮ್ಮ ಅಣ್ಣ ಹಳೆಯ ಲೆಕ್ಕ ಹಿಡಿದಿರಬಹುದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಎರಡು ವರ್ಷದ ಅಂತರದಲ್ಲಿ ಆ ಪಾಲು ನಿಮ್ಮ ಕೈತಪ್ಪಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಆ ಗೆರೆ ಅಳಿಸಿತು. ಆಗ ಇನ್ನೊಂದು ತೊಡಕು ಹುಟ್ಟಿತು: ಆ ದಿನ ಅಪ್ಪ ಬದುಕಿರಬೇಕೇ? ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದಲೇ ಬರುವುದು, ಅಪ್ಪ ಯಾವಾಗ ತೀರಿಕೊಂಡರು ಎಂಬುದರಿಂದಲ್ಲ. ಅಣ್ಣನಿಗೆ ಎಷ್ಟೋ ನಿಮಗೂ ಅಷ್ಟೇ. ‘ಅದು ಅಪ್ಪನ ಸ್ವಯಾರ್ಜಿತ’ ಎಂದು ವಾದ ತಿರುಗಿಸಿದರೂ ಉಯಿಲಿಲ್ಲದ ಮೇಲೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮನೆಯಲ್ಲೂ ಅಷ್ಟೇ.

ಬಾಯಿಮಾತಿನ ಭಾಗದ ಕಥೆ ಪ್ರತಿ ಮನೆಯಲ್ಲೂ ಬರುತ್ತದೆ. ಅದೇ ತೀರ್ಪಿನ ಪ್ರಕಾರ, 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಅಥವಾ ಕೋರ್ಟಿನಲ್ಲಿ ಆದ ವಿಭಾಗವನ್ನು ಮುಟ್ಟುವಂತಿಲ್ಲ. ಬಾಯಿಮಾತಿನದಕ್ಕೆ ಅಂದಿನ ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು. ಖಾತೆ ಅಣ್ಣನ ಹೆಸರಿಗಿದೆ ಎಂದು ಹೆದರಬೇಡಿ. ಖಾತೆ ಕಂದಾಯದ ಲೆಕ್ಕಕ್ಕೆ, ಮಾಲೀಕತ್ವಕ್ಕಲ್ಲ. ಮದುವೆಯ ಖರ್ಚನ್ನು ಪಾಲಿನಿಂದ ಕಳೆಯುವ ಕಾನೂನೂ ಇಲ್ಲ. (ಅಣ್ಣನ ಮದುವೆಯೂ ಅದೇ ಗದ್ದೆಯ ದುಡ್ಡಿನಲ್ಲೇ ಆಗಿರಬೇಕಲ್ಲ?)

ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಇಂಥ ಸೋಮವಾರಗಳನ್ನು ಬಹಳ ನೋಡಿದ್ದೇನೆ. ಅಕ್ಕತಂಗಿಯರನ್ನು ಕಾರಲ್ಲಿ ಕರೆತರುತ್ತಾರೆ. ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವವರಿಲ್ಲ. ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ಕೂರುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ಐದು ನಿಮಿಷ. ಆಮೇಲೆ ಹೋಟೆಲಲ್ಲಿ ಮಸಾಲೆ ದೋಸೆ, ಒಂದು ಸೀರೆ. ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಬೇಕೆಂದರೆ ಮೋಸವನ್ನೋ ಒತ್ತಾಯವನ್ನೋ ನೀವೇ ಸಾಬೀತು ಮಾಡಬೇಕು, ಅದೂ ಗೊತ್ತಾದ ಮೂರು ವರ್ಷದೊಳಗೆ.

ತವರಿನ ಮಾತು ಬಂದಾಗ ವಕೀಲಳಾಗಿ ನನಗೆ ಉತ್ತರವಿಲ್ಲ. ಗೌರಿ ಹಬ್ಬಕ್ಕೆ ಕರೆಯುವವರಿಲ್ಲದೆ ಕೂತ ಹೆಂಗಸರೂ ಗೊತ್ತು, ಪಾಲು ಬಿಟ್ಟುಕೊಟ್ಟ ಮೇಲೂ ಕರೆ ಬಾರದವರೂ ಗೊತ್ತು. ಆದರೆ ‘ಪೂರ್ತಿ ಬಿಡು, ಇಲ್ಲ ಕೋರ್ಟಿಗೆ ಹೋಗು’ ಎಂಬ ಎರಡೇ ದಾರಿ ಇಲ್ಲ. ಮಾರುತ್ತಿರುವುದು ಒಂದು ಎಕರೆ. ಆ ಕ್ರಯಪತ್ರಕ್ಕೆ ನೀವೂ ಮಾರಾಟಗಾರರಾಗಿ ಸಹಿ ಹಾಕಿ, ನಿಮ್ಮ ಪಾಲಿನ ಹಣ ಬ್ಯಾಂಕ್ ಖಾತೆಗೇ ಬರಲಿ. ಉಳಿದ ಮೂರು ಎಕರೆಗೆ ಬಿಡುಗಡೆ ಪತ್ರ ಯಾಕೆ? ಅಣ್ಣ ಬೋರ್‌ವೆಲ್ ಕೊರೆಸಿದ್ದರೆ ಆ ಭಾಗ ಅವರಿಗೇ ಇರಲಿ ಎನ್ನಿ. ಕೂತು ಮಾತಾಡಿ ವಿಭಾಗ ಪತ್ರ ನೋಂದಾಯಿಸಿ.

ಸೋಮವಾರಕ್ಕೆ ಮುಂಚೆ ಪತ್ರದ ಕರಡು ತರಿಸಿಕೊಳ್ಳಿ, ಪಹಣಿ ತೆಗೆಸಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ, ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಕರಡಿನ ಕೊನೆಯ ಪುಟವನ್ನು ಮರೆಯದೆ ನೋಡಿ: ಅಮ್ಮನಿಗೂ ಆ ಆಸ್ತಿಯಲ್ಲಿ ಪಾಲಿದೆ, ಅವರ ಹೆಬ್ಬೆಟ್ಟಿಗೂ ಅಲ್ಲಿ ಜಾಗ ಬಿಟ್ಟಿರಬಹುದು.