ರಜೆ ನಿಮ್ಮದು, ಪಟ್ಟಿ ಯಾರದು?

ಪ್ರಶ್ನೆ: ನನಗೆ 41 ವರ್ಷ. ಊರು ಹುಬ್ಬಳ್ಳಿ. ಹತ್ತಿರದ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ ಗಂಡ, ಅತ್ತೆ, ಎಂಟನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ. ಈ ಸಲ ಬೇಸಿಗೆ ರಜೆಗೆಂದು ನಮ್ಮ ಸ್ಟಾಫ್ ಗೆಳತಿಯರೆಲ್ಲ ‘ಬಕೆಟ್ ಲಿಸ್ಟ್’ ಮಾಡಿಕೊಂಡಿದ್ದೇವೆ. ಒಂದೊಂದು ಮುಗಿದ ಹಾಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕಬೇಕು. ನನ್ನ ಪಟ್ಟಿಯಲ್ಲಿ 37 ಇವೆ, ಜೊತೆಗೆ ಕಳಿಸಿದ್ದೇನೆ. ಹೋದ ವರ್ಷ 25 ಬರೆದು ಎರಡೇ ಮಾಡಿದ್ದೆ. ಶಾಲೆ ಶುರುವಾದ ದಿನ "ರಜಾ ಹೆಂಗಿತ್ರಿ?" ಅಂತ ಯಾರೋ ಕೇಳಿದರೆ ಕಣ್ಣಲ್ಲಿ ನೀರೇ ಬಂತು. ರಜೆ ಬಂತೆಂದರೆ ಅತ್ತೆಯ ಶಾವಿಗೆ, ಸಂಡಿಗೆ. ಮೇ ತಿಂಗಳಲ್ಲಿ ಬೆಳಗಾವಿಯಿಂದ ನಾದಿನಿ ತನ್ನ ಇಬ್ಬರು ಮಕ್ಕಳ ಜೊತೆ ಬರುತ್ತಾಳೆ. ಪಟ್ಟಿ ನೋಡಿದ ಮನೆಯವರು "ಇದೇನ ಕಾಲೇಜ್ ಹುಡುಗ್ಯಾರ ಆಟಾ ಹಚ್ಚೀದಿ" ಅಂತ ನಕ್ಕರು. ನನ್ನ ಸಲುವಾಗಿ ಏನಾದರೂ ಬಯಸುವುದು ತಪ್ಪಾ? ಈ ಸಲವಾದರೂ ಪಟ್ಟಿ ಪೂರ್ತಿ ಆಗಬೇಕಾದರೆ ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಕ್ಕೋರೇ, ತಪ್ಪಲ್ಲ. ಆ ಪ್ರಶ್ನೆಯನ್ನು ಇಲ್ಲಿಗೇ ಮುಗಿಸೋಣ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ. 37 ಪೂರ್ತಿ ಆಗುವುದಿಲ್ಲ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ನಿಮಗೆ ಸಿಗುವುದು ಹೆಚ್ಚೆಂದರೆ ಏಳು ವಾರ. ಅದರೊಳಗೆ ಗಣತಿ, ತರಬೇತಿ, ಚುನಾವಣೆ ಅಂತ ಕರೆ ಬಾರದಿದ್ದರೆ ಪುಣ್ಯ. ಎರಡು ಮದುವೆ, ಒಂದು ಮುಂಜಿ, ಒಂದು ಗೃಹಪ್ರವೇಶ ಇದ್ದೇ ಇರುತ್ತವೆ. ಉಳಿದ ದಿನಗಳಲ್ಲಿ 37 ಮಾಡಲು ಹೋದರೆ ಅದು ರಜೆಯಾಗುವುದಿಲ್ಲ, ಇನ್ನೊಂದು ಡ್ಯೂಟಿ ಆಗುತ್ತದೆ.

ಆದರೆ ನೀವು ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದನ್ನು ಸಾವಕಾಶವಾಗಿ ಓದಿದೆ. ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. 33 ಸಾಲುಗಳು ಒಂದು-ಎರಡು ಶಬ್ದದವು. ‘ಪ್ಯಾರಾಗ್ಲೈಡಿಂಗ್’, ‘ಪಾಟರಿ ಕ್ಲಾಸ್’, ‘ಸನ್‌ರೈಸ್ ಟ್ರೆಕ್’, ‘ನೋ ಶುಗರ್’, ‘ಹತ್ತು ಪುಸ್ತಕ’. ನಾಲ್ಕು ಮಾತ್ರ ಬೇರೆ ಥರ ಇವೆ.

9ನೆಯದು: "ಅಟ್ಟದ ಮೇಲಿನ ಹಾರ್ಮೋನಿಯಂ ಇಳಿಸಿ ಒರೆಸಬೇಕು, ರೀಡ್ ಕೆಟ್ಟಿದೆಯೋ ಏನೋ."
18ನೆಯದು: "ಲಕ್ಕುಂಡಿ. ಇಷ್ಟು ವರ್ಷ ಹುಡುಗರಿಗೆ ಪಾಠ ಮಾಡಿದೆ, ನಾನೇ ನೋಡಿಲ್ಲ."
26ನೆಯದು: "ಧಾರವಾಡದಲ್ಲಿ ಒಂದು ದಿನ. ನಾನೊಬ್ಬಳೇ."
31ನೆಯದು: "ಮಾಳಿಗೆ ಮೇಲೆ ಮಲಗೋದು, ಸಣ್ಣವರಿದ್ದಾಗ ಅಜ್ಜಿ ಊರಿನಲ್ಲಿ ಮಲಗುತ್ತಿದ್ದ ಹಾಗೆ."

ಈ ನಾಲ್ಕು ನಿಮ್ಮವು. ಉಳಿದವು ರೀಲ್ಸ್‌ನವು, ಗೆಳತಿಯರವು. ಪ್ಯಾರಾಗ್ಲೈಡಿಂಗ್ ಕೆಟ್ಟದ್ದು ಅಂತಲ್ಲ. ಆದರೆ ಅದರ ಮುಂದೆ ನೀವು ಎಲ್ಲಿ, ಯಾವಾಗ, ಯಾರ ಜೊತೆ ಅಂತ ಒಂದಕ್ಷರ ಬರೆದಿಲ್ಲ. ಹಾರ್ಮೋನಿಯಂ ವಿಷಯಕ್ಕೆ ಬಂದರೆ ರೀಡಿನ ಚಿಂತೆಯೇ ಶುರುವಾಗಿದೆ. ಮನಸ್ಸು ಆಗಲೇ ಅಟ್ಟ ಹತ್ತಿಬಿಟ್ಟಿದೆ, ಅಲ್ವಾ? 33ನ್ನು ಹೊಡೆದು ಹಾಕಿ. ‘ನೋ ಶುಗರ್’ ಅನ್ನಂತೂ ಮೊದಲೇ ಹೊಡೆಯಿರಿ. ಧಾರವಾಡದ ಆಪೂಸ್ ಸೀಕರಣಿಗೆ ಬರುವ ಹೊತ್ತಿನಲ್ಲಿ ಸಕ್ಕರೆ ಬಿಡುತ್ತೇನೆಂದು ಹೊರಡುವುದು ನನ್ನ ಪ್ರಕಾರ ಶುದ್ಧ ತಲೆಹರಟೆ. ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಈಗ ನಾಲ್ಕರ ಲೆಕ್ಕ ನೋಡೋಣ.

ಮಾಳಿಗೆ ಎಲ್ಲಕ್ಕಿಂತ ಸುಲಭ. ಇವತ್ತೇ ಆಗುತ್ತದೆ. ಸಂಜೆ ನಾಲ್ಕು ಬಕೆಟ್ ನೀರು ಹೊಡೆದು ಮಾಳಿಗೆ ತಂಪು ಮಾಡಿ, ಚಾಪೆ-ಜಮಖಾನ ಹಾಸಿ, ಸೊಳ್ಳೆ ಪರದೆ ಕಟ್ಟಿ. ಪರದೆ ಮರೆತರೆ ಹನ್ನೆರಡಕ್ಕೆ ಎಲ್ಲರೂ ಕೆಳಗೆ ಓಡುತ್ತೀರಿ. ಏಪ್ರಿಲ್-ಮೇ ರಾತ್ರಿ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಮೇಲೆಯೇ ಇರುತ್ತದೆ. ಅದರ ಬಾಲದ ಬಾಗು ಹಿಡಿದು ಮುಂದೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಚಿತ್ತಾ. ಹುಡುಗರಿಗೆ ತೋರಿಸಿ, ಪರೀಕ್ಷೆ ಮಾತ್ರ ಇಡಬೇಡಿ. ನಾದಿನಿ ಬಂದಮೇಲೆ ಇನ್ನೂ ಚೆಂದ. ನಾಲ್ಕು ಹುಡುಗರು, ಅತ್ತೆಯ ಕಥೆ, ನಡುರಾತ್ರಿ ಯಾರೋ ಕಲ್ಲಂಗಡಿ ಹೆಚ್ಚೋದು. ನಡುವೆ ಗುಡುಗು ಸಿಡಿಲಿನ ಮಳೆ ಬಂದು ಹಾಸಿಗೆ ಎತ್ತಿಕೊಂಡು ಓಡುವುದೂ ಸೇರಿಯೇ ಮಜಾ.

ಹಾರ್ಮೋನಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನೀವು ಬರೆದಿದ್ದೀರಿ, ಹಿಂದೂಸ್ತಾನಿ ಜೂನಿಯರ್ ಪರೀಕ್ಷೆ ಪಾಸಾಗಿತ್ತು, ಮದುವೆಯಾದ ಮೇಲೆ ಬಿಟ್ಟಿತು ಅಂತ. ಈ ರಜೆಯಲ್ಲಿ ಸೀನಿಯರ್‌ಗೆ ಕಟ್ಟುತ್ತೇನೆ ಅಂತ ಹೊರಡಬೇಡಿ. ಮೊದಲು ಪೆಟ್ಟಿಗೆ ರಿಪೇರಿಗೆ ಕೊಡಿ. ವರ್ಷಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆಯ ತಿದಿ ಗಾಳಿ ಸೋರುತ್ತಿರಬಹುದು, ಇಲಿ ಕಡಿದಿರಬಹುದು, ಎರಡು ಮೂರು ಸ್ವರ ಕೂಗದೇ ಇರಬಹುದು. ರಿಪೇರಿಯವರು ವಾರ, ಹದಿನೈದು ದಿನ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ರಜೆಯ ಮೊದಲ ವಾರವೇ ಕೊಡಿ. ಆಮೇಲೆ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹದಿನೈದು ನಿಮಿಷ ಕೂಡಿ. ಭೂಪ್‌ನಿಂದ ಶುರು ಮಾಡಿ. ಐದೇ ಸ್ವರ, ರಾತ್ರಿಯ ಮೊದಲ ಪ್ರಹರದ ರಾಗ, ನಿಮ್ಮ ಹೊತ್ತಿಗೂ ಹೊಂದುತ್ತದೆ. ಮೊದಲ ದಿನ ದನಿ ಒಡೆಯುತ್ತದೆ. ಮಗ ನಗುತ್ತಾನೆ. ನಗಲಿ, ಬಾಗಿಲು ಮುಚ್ಚಿಕೊಳ್ಳಬೇಡಿ. ಅವ್ವ ತನ್ನ ಸಲುವಾಗಿ ಏನೋ ಮಾಡುತ್ತಾಳೆ ಅನ್ನುವುದನ್ನು ಹುಡುಗರು ನೋಡಲಿ.

ಇದಕ್ಕೇ ಜೋಡಿಸಿ ಒಂದು ಸಣ್ಣ ತಿರುಗಾಟ ಬೇಕೆಂದರೆ ಕುಂದಗೋಳ ಇದೆ, ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲೇ ಕುಂದಗೋಳಕ್ಕೆ ಹೋಗಿ ಅವರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಆಗ ಅವರ ಮನೆಯಲ್ಲೂ ಮಕ್ಕಳಿದ್ದರು, ಸಂಸಾರ ಇತ್ತು. ಅದೇ ಹಳಿಯ ಮೇಲೆ ಇವತ್ತೂ ರೈಲು ಓಡುತ್ತದೆ. ಕಿಟಕಿ ಪಕ್ಕ ಕೂತು ಹೋಗಿ, ನಾಡಗೀರ ವಾಡೆ ನೋಡಿ, ಚಹಾ ಕುಡಿದು ತಿರುಗಿ ಬನ್ನಿ. ಇದು ನಿಮ್ಮ ಪಟ್ಟಿಯಲ್ಲಿ ಇಲ್ಲ, ನನ್ನ ಆಸೆಗೆ ಸೇರಿಸಿದೆ. ಬೇಡವಾದರೆ ಬಿಡಿ.

ಲಕ್ಕುಂಡಿಗೆ ಒಬ್ಬರೇ ಹೋಗಬೇಡಿ. ಹಾಗಂತ ಟೆಂಪೊ ಮಾಡಿಕೊಂಡು ಇಡೀ ಬಳಗ ಹೇರಿಕೊಂಡೂ ಹೋಗಬೇಡಿ. ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹೋಗಿ, ಇಬ್ಬರೇ. ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರ್ ಒಳಗೆ, ಅಲ್ಲಿಂದ ಕೊಪ್ಪಳದ ರಸ್ತೆಯಲ್ಲಿ ಇನ್ನು 12. ಸಾರಿಗೆಯ ಸಾದಾ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಡಿ. ಬೇಸಿಗೆಯಲ್ಲಿ ಹನ್ನೊಂದು ದಾಟಿದರೆ ಗುಡಿಯಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ.

ನೂರೊಂದು ಗುಡಿ, ನೂರೊಂದು ಬಾವಿ ಅಂತಾರೆ ಲಕ್ಕುಂಡಿಗೆ. ನೀವು ಮೂರೇ ನೋಡಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಎದುರಿಗೇ ಸೂರ್ಯನ ಗುಡಿ ಇದೆ, ಎರಡೂ ಮುಖಾಮುಖಿ. ಬಳಪದ ಕಲ್ಲಿನ ಬಾಗಿಲ ಚೌಕಟ್ಟಿನ ಒಂದು ಬದಿ ಹಿಡಿದು ಕೆಳಗಿನಿಂದ ಮೇಲಿನ ತನಕ ನೋಡುತ್ತಾ ಬನ್ನಿ. ಅರ್ಧ ಗಂಟೆ ಅದಕ್ಕೇ ಬೇಕು. ಆಮೇಲೆ ಬ್ರಹ್ಮ ಜಿನಾಲಯ. 11ನೇ ಶತಮಾನದ ಶುರುವಿನಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಅವಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಹತ್ತು ಪುಸ್ತಕ ಓದಬೇಕೆಂದು ಬರೆದುಕೊಂಡ ಅಕ್ಕೋರಿಗೆ ಇದು ಹೇಳಬೇಕಾದದ್ದೇ. ಕೊನೆಗೆ ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲ ಬದಿಯಲ್ಲೆಲ್ಲ ಸಣ್ಣ ಸಣ್ಣ ಗೂಡುಗುಡಿಗಳಿವೆ. ನೆರಳಿಗೆ ಕೂತು ಬುತ್ತಿ ಬಿಚ್ಚಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಾಕು.

"ಅಷ್ಟ ದೂರ ಹೋದಾಕಿ ಗದಗಿನ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ, ಪುಣ್ಯಾಶ್ರಮಾನೂ ನೋಡ್ಕೊಂಡ ಬಾ" ಅಂತ ಮನೆಯಲ್ಲಿ ಹೇಳೇ ಹೇಳುತ್ತಾರೆ. ಎಲ್ಲವೂ ನೋಡುವಂಥವೇ. ಆದರೆ ಅವತ್ತು ಬೇಡ. ಎಲ್ಲ ಮುಟ್ಟಿ ಬಂದರೆ ಸಂಜೆ ನೆನಪಿರುವುದು ಬಸ್ ಸ್ಟ್ಯಾಂಡ್ ಮಾತ್ರ.

ಇನ್ನು 26ನೆಯದು, ಧಾರವಾಡ. ನಿಮಗೆ ಕಷ್ಟ ಇರುವುದು ಇದರಲ್ಲೇ. ಊರೇನು ದೂರವಲ್ಲ, ಚಿಗರಿ ಬಸ್ಸು ಹತ್ತಿದರೆ 20 ಕಿಲೋಮೀಟರ್. ತೊಡಕಿರುವುದು ಆ ‘ನಾನೊಬ್ಬಳೇ’ ಅನ್ನುವುದರಲ್ಲಿ. ಮನೆಯಲ್ಲಿ ಏನು ಹೇಳಬೇಕು ಅನ್ನುವುದೇ ನಿಮ್ಮ ಸಂಕಟ ಅಂತ ಕಾಣುತ್ತದೆ. ಒಂದು ಮಾತು ಕೇಳಿ. "ಬಿಇಒ ಆಫೀಸಿನಾಗ ಕೆಲಸ ಐತಿ" ಅಂತ ಸುಳ್ಳು ಹೇಳಿ ಹೋಗಬೇಡಿ. ಸುಳ್ಳು ಹೇಳಿ ಹೋದರೆ ಅಲ್ಲಿನ ಸಾಧನಕೇರಿ ಕೆರೆಯ ದಂಡೆ ಮೇಲೆ ಕೂತರೂ ಯಾರಾದರೂ ಗುರುತಿನವರು ಕಂಡಾರು ಅಂತ ತಲೆ ಬಗ್ಗಿಸಿಕೊಂಡೇ ಕೂಡಬೇಕಾಗುತ್ತದೆ. ಹಿಂದಿನ ದಿನ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಎದುರಿಗೆ ಹೇಳಿ: "ಬುಧವಾರ ನಾ ಧಾರವಾಡಕ್ಕ ಹೊಂಟೀನ್ರಿ. ಬಿ.ಎಡ್. ಮಾಡಿದ ಊರು, ಸುಮ್ನ ಅಡ್ಡಾಡಿ ಬರ್ತೀನಿ. ಸಂಜಿಗೆ ಬರ್ತೀನಿ." ಯಾಕೆ, ಏನು ಅಂತ ಕೇಳಿದರೆ ಅದನ್ನೇ ಇನ್ನೊಮ್ಮೆ ಹೇಳಿ. ಒಪ್ಪಿಗೆ ಕೇಳುವ ದನಿ ಬೇಡ, ತಿಳಿಸುವ ದನಿ ಸಾಕು.

ಅಲ್ಲಿ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅದು ನೀವು ಓದಿದ ಊರು. ಮೇ ತಿಂಗಳಾದರೆ ಎಲೆಯ ಪೊಟ್ಟಣದಲ್ಲಿ ಕವಳಿ ಹಣ್ಣು ಮಾರುವವರು ಸಿಗುತ್ತಾರೆ, ಬಿಡಬೇಡಿ. ಬರುವಾಗ ಮನೆಗೆ ಅರ್ಧ ಕೆಜಿ ಪೇಡೆ ತನ್ನಿ. ಲಂಚ ಅಂದುಕೊಳ್ಳಿ ಬೇಕಾದರೆ.

ಮನೆಯವರು ನಕ್ಕದ್ದಕ್ಕೆ ನೊಂದಿದ್ದೀರಿ. 37 ಸಾಲಿನ ಪಟ್ಟಿ ನೋಡಿದರೆ ಯಾರೂ ನಗುತ್ತಾರೆ, ಅದರಲ್ಲಿ ನಿಮ್ಮ ಮೇಲಿನ ತಾತ್ಸಾರ ಕಾಣಬೇಕಿಲ್ಲ. ನಾಲ್ಕು ಕೆಲಸ, ನಾಲ್ಕು ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ. ಆಗ ಅವರು ನಗುವುದಿಲ್ಲ. "ಅವತ್ತ ಅಡಿಗಿ?" ಅಂತ ಕೇಳುತ್ತಾರೆ. ನಿಜವಾದ ಮಾತು ಶುರುವಾಗುವುದು ಆಗಲೇ. ವರ್ಷಕ್ಕೆ ಎರಡು ದಿನ ಅನ್ನ-ಸಾರು ಮಾಡಲು ಅವರಿಗೂ ಬರುತ್ತದೆ. ಬಾರದಿದ್ದರೆ ಗಿರಮಿಟ್ಟು-ಮಿರ್ಚಿ ತಂದರೆ ಹುಡುಗರು ಕುಣಿದಾಡುತ್ತಾರೆ.

ಅತ್ತೆಯ ಶಾವಿಗೆ-ಸಂಡಿಗೆಯ ಜೊತೆ ಜಗಳ ಬೇಡ. ಅವನ್ನು ಏಪ್ರಿಲ್‌ನಲ್ಲೇ ಮುಗಿಸಿಬಿಡಿ, ಬಿಸಿಲೂ ಚೆನ್ನಾಗಿರುತ್ತದೆ, ಮೇ ತಿಂಗಳ ಅಡ್ಡಮಳೆಯ ಹೆದರಿಕೆಯೂ ಕಡಿಮೆ. "ಅತ್ತೀ, ಈ ಸಲ ಲಗೂನ ಮಾಡೂಣ್ರಿ" ಅಂದರೆ ಅವರಿಗೆ ಖುಷಿಯೇ.

ಹುಡುಗರ ಮಜಾವನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ. ಅವರದೇ ಒಂದು ಮಾಡಿಕೊಳ್ಳಲಿ. ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ ಇದೆ, ಉಣಕಲ್ ಕೆರೆ ಇದೆ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದು ಬರಲಿ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಅವರಪ್ಪ ಕರೆದುಕೊಂಡು ಹೋಗಲಿ.

ಸ್ಟಾಫ್ ಗ್ರೂಪಿನ ಫೋಟೊ ಪಂದ್ಯದಿಂದ ಹೊರಗೆ ಬನ್ನಿ. "ನಂದು ನಾಲ್ಕೇ ಅದಾವ, ಜೂನ್‌ದಾಗ ಹೇಳ್ತೀನಿ" ಅಂತ ಒಂದು ಸಾಲು ಹಾಕಿ ಸುಮ್ಮನಾಗಿ. ಇಬ್ಬರು ಮೂವರು ನಿಮ್ಮನ್ನು ನೋಡಿ ತಮ್ಮ ಪಟ್ಟಿ ಕತ್ತರಿಸಿದರೆ ನನಗೆ ಆಶ್ಚರ್ಯವಿಲ್ಲ.

ಉಳಿದದ್ದು ನಾದಿನಿ. ಆಕೆಯನ್ನು ನೀವು ಕೆಲಸ ಹೆಚ್ಚಿಸುವವರ ಸಾಲಿನಲ್ಲಿ ಬರೆದಿದ್ದೀರಿ. ವರ್ಷವೆಲ್ಲ ಬೇರೆಯವರ ಮನೆ ನಡೆಸಿ ತವರಿಗೆ ಬರುವವಳು ಆಕೆ. ಆಕೆಗೂ ಒಬ್ಬಳೇ ಎಲ್ಲಿಗಾದರೂ ಹೋಗಬೇಕು ಅಂತ ಇರಬಹುದು, ನೀವು ಕೇಳಿಲ್ಲ ಅಷ್ಟೆ. ಒಂದು ಕರಾರು ಮಾಡಿಕೊಳ್ಳಿ. ನೀವು ಧಾರವಾಡಕ್ಕೆ ಹೋದ ದಿನ ನಾಲ್ಕೂ ಹುಡುಗರು ಆಕೆಯ ಕೈಗೆ, ಆಕೆ ಹೊರಗೆ ಹೋದ ದಿನ ನಿಮ್ಮ ಕೈಗೆ. ಇದನ್ನು ಆಕೆ ಬರುವ ಮೊದಲೇ ಫೋನಿನಲ್ಲಿ ಮಾತಾಡಿ. ಚೀಲ ಇಳಿಸಿ ಕಾಲು ತೊಳೆಯುವಷ್ಟರಲ್ಲಿ ಹೇಳಿದರೆ, ತಾನು ಬಂದದ್ದಕ್ಕೇ ನೀವು ಹೊರಟಿರಿ ಅಂದುಕೊಂಡಾಳು.