ಮುಖ ತೊಳೆದ ಮೇಲೆ ಬಿಗಿಯುತ್ತಿದೆಯೇ? ಅದು ಶುಚಿಯ ಗುರುತಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮುಖ ತೊಳೆಯುವುದರ ಸುತ್ತಲೇ ಇವೆ. ಎಷ್ಟು ಸಲ, ಯಾವುದರಲ್ಲಿ, ತೊಳೆದ ಮೇಲೆ ಏನು ಹಚ್ಚಬೇಕು ಅಂತ. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೂರನೆಯದನ್ನು ದಯವಿಟ್ಟು ಎಲ್ಲರೂ ಓದಿ.

ಪ್ರಶ್ನೆ: ನನಗೆ 43 ವರ್ಷ. ಬಳ್ಳಾರಿಯಲ್ಲಿ ಶಿಕ್ಷಕಿ. ಇಲ್ಲಿ ಧೂಳು, ಸೆಕೆ ಎರಡೂ ಜಾಸ್ತಿ. ದಿನಕ್ಕೆ ಐದಾರು ಸಲ ಸೋಪು ಹಚ್ಚಿ ಮುಖ ತೊಳೆಯುತ್ತೇನೆ. ಮನೆಯಲ್ಲಿ ಬೋರ್ ನೀರು. ತೊಳೆದ ಮೇಲೆ ಮುಖ ಬಿಗಿದಂತಾದರೆ ಮಾತ್ರ ಸ್ವಚ್ಛವಾಯಿತು ಅನಿಸುತ್ತದೆ. ಈಚೆಗೆ ಕಣ್ಣಿನ ಪಕ್ಕ ಸಣ್ಣ ಗೆರೆಗಳು ಕಾಣುತ್ತಿವೆ, ಬಾಯಿಯ ಸುತ್ತ ಬಿಳಿ ಹೊಟ್ಟಿನಂತೆ ಏಳುತ್ತಿದೆ. ಇಷ್ಟು ಬೇಗ ವಯಸ್ಸಾಯಿತೇ?

ವಯಸ್ಸಿನ ಮಾತು ಆಮೇಲೆ. ಮೊದಲು ಸೋಪನ್ನು ನೋಡೋಣ.

ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯಂತೆ ಇರುತ್ತದೆ. ಸತ್ತ ಕೋಶಗಳು 15–20 ಸಾಲು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ನಡುವೆ ಗಾರೆಯ ಹಾಗೆ ಕೊಬ್ಬಿನ ಅಂಶ ತುಂಬಿರುತ್ತದೆ. ಒಳಗಿನ ನೀರು ಆರಿಹೋಗದಂತೆ ಹಿಡಿದಿಡುವುದು ಈ ಗಾರೆಯೇ. ಸೋಪಿಗೆ ಧೂಳಿನ ಜಿಡ್ಡು ಯಾವುದು, ಗಾರೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತೊಳೆದು ಹಾಕುತ್ತದೆ. ಗಾರೆ ಹೋದ ಗೋಡೆಯಿಂದ ನೀರು ಬೇಗ ಆರುತ್ತದೆ, ಮುಖ ಬಿಗಿಯುತ್ತದೆ. ನೀವು ಸ್ವಚ್ಛ ಅಂದುಕೊಂಡದ್ದು ಈ ಬಿಗಿತವನ್ನೇ.

ಇನ್ನೊಂದು ವಿಷಯವಿದೆ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು. ಅದರ ಪಿಎಚ್, ಅಂದರೆ ಹುಳಿ–ಕ್ಷಾರ ಅಳೆಯುವ ಅಂಕಿ, 5ರ ಆಸುಪಾಸು ಇರುತ್ತದೆ. 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ನಾವು ಬಳಸುವ ಗಟ್ಟಿ ಸೋಪುಗಳದ್ದು ಸಾಮಾನ್ಯವಾಗಿ 9ರಿಂದ 10. ಒಮ್ಮೆ ಸೋಪು ಹಚ್ಚಿದರೆ ಚರ್ಮ ತನ್ನ ಹುಳಿ ಗುಣಕ್ಕೆ ಮರಳಲು ಗಂಟೆಗಟ್ಟಲೆ ಬೇಕು. ನೀವು ಅದಕ್ಕೆ ಆ ಸಮಯ ಕೊಡುತ್ತಿಲ್ಲ. ಚೇತರಿಸಿಕೊಳ್ಳುವ ಮೊದಲೇ ಮತ್ತೆ ತೊಳೆಯುತ್ತೀರಿ.

ಬೋರ್ ನೀರು ಇದನ್ನು ಇನ್ನಷ್ಟು ಕೆಡಿಸುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅವುಗಳ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಅಂಟಂಟಾದ ಬಿಳಿ ಕೆನೆಯಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ನೋಡಿರುತ್ತೀರಲ್ವಾ, ಅದೇ. ಅದು ಮುಖದ ಮೇಲೂ ಕೂರುತ್ತದೆ. ನೊರೆ ಬರಲಿಲ್ಲ ಅಂತ ನಾವು ಇನ್ನೂ ಜಾಸ್ತಿ ಸೋಪು ಹಚ್ಚಿ ಉಜ್ಜುತ್ತೇವೆ.

ಹಾಗಾದರೆ ಏನು ಮಾಡಬೇಕು? ದಿನಕ್ಕೆ ಎರಡೇ ಸಲ ಫೇಸ್‌ವಾಶ್, ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಎರಡರಲ್ಲಿ ರಾತ್ರಿಯದು ಮುಖ್ಯ. ದಿನದ ಧೂಳು, ಬೆವರು, ಪೌಡರು ಮುಖದಲ್ಲಿ ಉಳಿಯಬಾರದು. ಬೆಳಿಗ್ಗೆ ಮುಖ ಒಣ ಒಣ ಅನಿಸಿದರೆ ಬರೀ ನೀರು ಸಾಕು. ಶಾಲೆಯಿಂದ ಬಂದಾಗ ಮುಖ ತೊಳೆಯದೆ ಸಮಾಧಾನವಾಗುವುದಿಲ್ಲ, ನಿಜ. ಆಗಲೂ ಬರೀ ನೀರು ಎರಚಿಕೊಳ್ಳಿ.

ಅಂಗಡಿಯಲ್ಲಿ ಸೋಪಿನ ಅಂಶವಿಲ್ಲದ, ಅಂದರೆ 'ಸೋಪ್ ಫ್ರೀ' ಅಂತ ಬರೆದಿರುವ, ಸುವಾಸನೆ ಹಾಕದ ಫೇಸ್‌ವಾಶ್ ಕೇಳಿ. ಇದು ಗಡಸು ನೀರಲ್ಲೂ ಬಿಳಿ ಕೆನೆ ಕಟ್ಟುವುದಿಲ್ಲ. ನೊರೆ ಕಡಿಮೆ ಬಂದರೆ ಬೇಸರ ಬೇಡ. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ 76 ಅಂತೆಲ್ಲ ಇರುತ್ತದೆ. ಅದು ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಅಂತ ಹೇಳುವ ಅಂಕಿ, 76 ದಾಟಿದ್ದು ಒಂದನೇ ದರ್ಜೆಯ ಸೋಪು. ಮೈಗೆ ಅದು ಚೆನ್ನಾಗಿಯೇ ಇದೆ. ಆದರೆ ಎಷ್ಟೇ ಒಳ್ಳೆಯ ದರ್ಜೆಯದಾದರೂ ಸೋಪು ಸೋಪೇ, ಅದರ ಕ್ಷಾರ ಗುಣ ಹೋಗುವುದಿಲ್ಲ.

ತೊಳೆಯುವ ರೀತಿಯೂ ಮುಖ್ಯ. ಮೊದಲು ಕೈ ತೊಳೆಯಿರಿ. ನೀರು ಬಿಸಿ ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ನೆಲ್ಲಿಕಾಯಿಗಿಂತ ಚಿಕ್ಕದಾಗಿ ಫೇಸ್‌ವಾಶ್ ತೆಗೆದುಕೊಂಡು ಬೆರಳ ತುದಿಯಲ್ಲಿ ಅರ್ಧ ನಿಮಿಷ ಮೃದುವಾಗಿ ಸವರಿ. ಬ್ರಷ್ಷು, ನಾರು, ಸ್ಕ್ರಬ್ ಯಾವುದೂ ಬೇಡ. ಕೂದಲಿನ ಅಂಚು, ಕಿವಿಯ ಪಕ್ಕ, ಗಲ್ಲದ ಕೆಳಗೆ ನೊರೆ ಉಳಿಯದಂತೆ ತೊಳೆಯಿರಿ. ಟವೆಲಿನಲ್ಲಿ ಒರೆಸುವುದಲ್ಲ, ಒತ್ತುವುದು. ಪೂರ್ತಿ ಆರಲು ಬಿಡದೆ, ಚರ್ಮ ಇನ್ನೂ ತೇವವಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ಗಾರೆಯಲ್ಲಿರುವ ಒಂದು ಬಗೆಯ ಕೊಬ್ಬು) ಇರುವ ಸಾಧಾರಣ ಕ್ರೀಮ್ ಸಾಕು, ದುಬಾರಿಯದೇ ಆಗಬೇಕಿಲ್ಲ. ಹೊಟ್ಟು ಏಳುವ ಜಾಗಕ್ಕೆ ರಾತ್ರಿ ಅದರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ನೀರು ಆರದಂತೆ ತಡೆಯುವುದರಲ್ಲಿ ಅದರಷ್ಟು ಒಳ್ಳೆಯದು, ಅದರಷ್ಟು ಅಗ್ಗದ್ದು ಬೇರೆ ಸಿಗುವುದು ಕಷ್ಟ.

ಫೇಸ್‌ವಾಶ್ ನಿಮಗೆ ಒಗ್ಗಿದೆಯೇ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಒಂದು ಸಲ ಮುಖ ತೊಳೆದು ಏನೂ ಹಚ್ಚದೆ ಅರ್ಧ ಗಂಟೆ ಸುಮ್ನೆ ಇರಿ. ನಗುವಾಗ ಕೆನ್ನೆ ಎಳೆದಂತಾದರೆ ಅದು ನಿಮಗೆ ಸರಿಯಾದದ್ದಲ್ಲ.

ಒಣ ಚರ್ಮದಿಂದ ಕಾಣುವ ಗೆರೆಗಳು ಕೆಲವು ವಾರಗಳಲ್ಲಿ ತಿಳಿಯಾಗುತ್ತವೆ. ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಆಮೇಲೂ ಉಳಿಯುವ ಗೆರೆಗಳು ಹೆಚ್ಚಾಗಿ ಬಿಸಿಲಿನವು. ಅದರ ಬಗ್ಗೆ ನಾಲ್ಕನೇ ಉತ್ತರದಲ್ಲಿ ಹೇಳಿದ್ದೇನೆ. ಸುಕ್ಕಿಗೆ ರೆಟಿನಾಲ್ (ವಿಟಮಿನ್ ಎ ಜಾತಿಯ ಅಂಶ) ಹಚ್ಚುವುದಾದರೆ ಮೊದಲು ಈ ಒಣಗುವಿಕೆ ಪೂರ್ತಿ ವಾಸಿಯಾಗಲಿ. ಒಡೆದ ಗೋಡೆಯ ಮೇಲೆ ಅದನ್ನು ಹಚ್ಚಿದರೆ ಉರಿಯುತ್ತದೆ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಜ್ಜಿ ಜೀವನಪೂರ್ತಿ ಕಡಲೆ ಹಿಟ್ಟಿನಲ್ಲೇ ಮುಖ ತೊಳೆದವರು, ಅವರ ಚರ್ಮ ಈಗಲೂ ನುಣುಪು. ನಾನು ದಿನಾ ಕಡಲೆ ಹಿಟ್ಟು, ಅರಿಶಿನ, ನಿಂಬೆರಸ ಕಲಸಿ ಹಚ್ಚಿ ಒಣಗಿದ ಮೇಲೆ ಉಜ್ಜುತ್ತೇನೆ. ನನಗೆ ಮಾತ್ರ ಉರಿ, ಮೊಡವೆ. ಯಾಕೆ?

ಅಜ್ಜಿಯನ್ನು ಒಂದು ಮಾತು ಕೇಳಿ ನೋಡಿ. ಹಿಟ್ಟು ಹಚ್ಚುವ ಮುಂಚೆ ಏನು ಹಚ್ಚುತ್ತಿದ್ದಿರಿ ಅಂತ. ನಮ್ಮ ಕಡೆಯ ಎಣ್ಣೆ ಸ್ನಾನದಲ್ಲಿ ಮೊದಲು ಮೈಗೆ ಎಣ್ಣೆ. ಕಡಲೆ ಹಿಟ್ಟು, ಹೆಸರು ಹಿಟ್ಟು, ಸೀಗೆಪುಡಿ ಎಲ್ಲ ಬರುತ್ತಿದ್ದುದು ಆ ಎಣ್ಣೆಯನ್ನು ತೆಗೆಯಲು. ಹಿಟ್ಟು ಹೆಚ್ಚಿನ ಎಣ್ಣೆ ಹೀರುತ್ತಿತ್ತು, ಚರ್ಮಕ್ಕೆ ಬೇಕಾದ್ದು ಉಳಿಯುತ್ತಿತ್ತು. ನಾವೀಗ ಎಣ್ಣೆಯನ್ನು ಬಿಟ್ಟು ಹಿಟ್ಟನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಒಣ ಮುಖಕ್ಕೆ ಹಚ್ಚಿ, ಬಿರುಕು ಬಿಡುವ ತನಕ ಒಣಗಿಸಿ, ಉಜ್ಜಿ ತೆಗೆಯುತ್ತೇವೆ. ಅಜ್ಜಿ ಮಾಡಿದ್ದು ಅದಲ್ಲ.

ನಿಂಬೆರಸವನ್ನು ಇವತ್ತೇ ಬಿಡಿ. ಅದರ ಪಿಎಚ್ 2ರ ಹತ್ತಿರ. ಅಷ್ಟು ಹುಳಿ ಮುಖಕ್ಕೆ ಬೇಡ. ನಿಂಬೆ ಜಾತಿಯ ಹಣ್ಣಿನ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಬೊಕ್ಕೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾವನ್ನೂ ಮುಖಕ್ಕೆ ಹಾಕಬೇಡಿ.

ಕಡಲೆ ಹಿಟ್ಟು ಇಷ್ಟವಾದರೆ ವಾರಕ್ಕೊಮ್ಮೆ ಬಳಸಿ. ನುಣ್ಣಗೆ ಜರಡಿ ಹಿಡಿದು, ಹಾಲಿನಲ್ಲಿ ತೆಳುವಾಗಿ ಕಲಸಿ, ಒಣಗುವ ಮುಂಚೆಯೇ ನೀರು ಹಾಕಿ ತೊಳೆದುಬಿಡಿ. ಮೊಡವೆ ಇರುವಷ್ಟು ದಿನ ಅದೂ ಬೇಡ. ಮೊಡವೆ ಹಣೆಯ ಮೇಲೇ ಜಾಸ್ತಿ ಇದ್ದರೆ ತಲೆಗೆ ಹಚ್ಚುವ ಎಣ್ಣೆ ಇಳಿಯುತ್ತಿದೆಯೇ ನೋಡಿ. ಮುಖಕ್ಕೆ ಕೊಬ್ಬರಿ ಎಣ್ಣೆಯೂ ಮೊಡವೆ ಇರುವವರಿಗೆ ಹೊಂದುವುದಿಲ್ಲ, ರಂಧ್ರ ಕಟ್ಟುತ್ತದೆ.

ಪ್ರಶ್ನೆ: ದಾವಣಗೆರೆಯ ಗೃಹಿಣಿ, 38 ವರ್ಷ. ಎರಡನೇ ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಬಂತು. ಪರಿಚಯದವರು ಹೇಳಿದ ಕ್ರೀಮನ್ನು ಮೆಡಿಕಲ್ ಶಾಪಿನಿಂದ ತಂದು ಒಂದು ವರ್ಷ ಹಚ್ಚಿದೆ. ಮೊದಲ ತಿಂಗಳು ಮುಖ ಬೆಳ್ಳಗಾಯಿತು. ಈಗ ಕೆಂಪು, ಉರಿ, ಸಣ್ಣ ಗುಳ್ಳೆ. ಹಚ್ಚುವುದು ಬಿಟ್ಟರೆ ಇನ್ನೂ ಜಾಸ್ತಿ. ಯಾವ ಫೇಸ್‌ವಾಶ್ ಬಳಸಲಿ?

ಅಮ್ಮಾ, ಇದು ಫೇಸ್‌ವಾಶಿನಿಂದ ಸರಿಹೋಗುವ ವಿಷಯವಲ್ಲ. ನೀವು ಬರೆದ ಲಕ್ಷಣಗಳು ಸ್ಟೀರಾಯ್ಡ್ (ಉರಿ, ಊತ ಇಳಿಸುವ ಔಷಧಿ) ಇರುವ ಕ್ರೀಮಿನಿಂದ ಆಗುವ ತೊಂದರೆಯಂತೆಯೇ ಇವೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಮೊಮೆಟಸೋನ್, ಬೆಟಾಮೆಥಸೋನ್, ಕ್ಲೋಬೆಟಸೋಲ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವುದಾದರೂ ಹೆಸರಿದೆಯೇ ನೋಡಿ. ಬಂಗಿಗೆ ಕೊಡುವ ಕೆಲವು ಕ್ರೀಮುಗಳಲ್ಲಿ ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಎಂಬ ಔಷಧಿಗಳ ಜೊತೆ ಸ್ಟೀರಾಯ್ಡ್ ಕೂಡ ಸೇರಿರುತ್ತದೆ. ವೈದ್ಯರು ಅದನ್ನು ಕೆಲವೇ ವಾರಗಳಿಗೆ, ಕಣ್ಣಿಟ್ಟುಕೊಂಡು ಬರೆದುಕೊಡುತ್ತಾರೆ. ಅದನ್ನು ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚುವುದು ಅಪಾಯ.

ಸ್ಟೀರಾಯ್ಡ್ ಮೊದಲು ಮುಖವನ್ನು ತಿಳಿಯಾಗಿಸುತ್ತದೆ. ಅದಕ್ಕೇ ನಂಬಿಕೆ ಬರುತ್ತದೆ. ದಿನ ಕಳೆದಂತೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ಗೆರೆಗಳಾಗಿ ಕಾಣುತ್ತವೆ, ಕೂದಲು ಬೆಳೆಯುತ್ತದೆ, ಮೊಡವೆ ಏಳುತ್ತದೆ. ಬಿಟ್ಟರೆ ಉರಿ ಎರಡು ಪಟ್ಟಾಗುತ್ತದೆ. ಆ ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ಈ ಸುಳಿಯಲ್ಲಿ ಸಿಕ್ಕಿದ್ದಾರೆ. ನಮ್ಮ ದೇಶದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳ ಕಾಲ ದನಿ ಎತ್ತಿತು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಬಾಯಲ್ಲಿ ಹೆಸರು ಹೇಳಿದರೆ ಕೊಡುವ ಕಡೆಗಳಿವೆ. ಇದು ನನಗೆ ತುಂಬಾ ನೋವಿನ ವಿಷಯ.

ಒಂದು ವಾರದೊಳಗೆ ಚರ್ಮವೈದ್ಯರನ್ನು ಕಾಣಿ. ಖಾಸಗಿಗೆ ಹೋಗಲು ಕಷ್ಟವಾದರೆ ಜಿಲ್ಲಾ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವನ್ನು ಕೇಳಬಹುದು. ಟ್ಯೂಬನ್ನು ಜೊತೆಗೆ ಒಯ್ಯಿರಿ. ಕ್ರೀಮನ್ನು ಒಮ್ಮೆಗೇ ಬಿಡಬೇಕೇ, ನಿಧಾನಕ್ಕೆ ಇಳಿಸಬೇಕೇ ಅನ್ನುವುದನ್ನು ಅವರು ಮುಖ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ತಣ್ಣೀರು, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಛತ್ರಿ. ಬೇರೇನೂ ಬೇಡ. ಚೇತರಿಕೆಗೆ ತಿಂಗಳುಗಳು ಹಿಡಿಯಬಹುದು. ಎದೆಗುಂದಬೇಡಿ, ವಾಸಿಯಾಗುತ್ತದೆ.

ಬಂಗಿನ ವಿಷಯಕ್ಕೆ ಬಂದರೆ, ಬಸುರಿನ ಹಾರ್ಮೋನು, ಬಿಸಿಲು, ಮನೆತನದ ಗುಣ ಮೂರೂ ಅದಕ್ಕೆ ಕಾರಣ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಗಾಢ ಮಾಡುತ್ತದೆ. ಹಾಗಾಗಿ ಉರಿ ಇಳಿದ ಮೇಲೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ 15 ವರ್ಷದಿಂದ ಕ್ಯಾಬ್ ಓಡಿಸುತ್ತಿದ್ದೇನೆ. ನನ್ನ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪು, ಗೆರೆಯೂ ಜಾಸ್ತಿ. ಗಾಜು ಏರಿಸಿ ಎಸಿ ಹಾಕಿಯೇ ಓಡಿಸುವುದು. ಮತ್ತೆ ಹೇಗೆ ಸಾರ್? ಗಂಡಸರೂ ಸನ್‌ಸ್ಕ್ರೀನ್ ಹಚ್ಚಬೇಕೇ?

ನೀವು ಗಮನಿಸಿದ್ದು ತುಂಬಾ ಸರಿಯಾಗಿದೆ. ಚರ್ಮವನ್ನು ಮುದಿಯಾಗಿಸುವುದರಲ್ಲಿ ಬಿಸಿಲಿನದೇ ದೊಡ್ಡ ಪಾಲು. ಚರ್ಮ ಸುಡುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ, ಅದಕ್ಕೇ ನಿಮಗೆ ಚುರುಗುಟ್ಟುವುದಿಲ್ಲ. ಸುಕ್ಕು ತರುವ ಯುವಿಎ ಮಾತ್ರ ಪಕ್ಕದ ಗಾಜನ್ನು ದಾಟಿ ಬರುತ್ತದೆ. ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಅದರಲ್ಲಿ ಬಹುಪಾಲು ನಿಲ್ಲುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ 69 ವರ್ಷದ ಲಾರಿ ಚಾಲಕರೊಬ್ಬರ ಫೋಟೋ ಪ್ರಕಟಿಸಿತ್ತು. 28 ವರ್ಷ ಲಾರಿ ಓಡಿಸಿದವರು. ಅಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ ಅವರ ಮುಖದ ಎಡಭಾಗವೆಲ್ಲ ಆಳವಾದ ಸುಕ್ಕು. ಬಲಭಾಗ ಎಷ್ಟೋ ಕಿರಿಯವರದ್ದೆಂಬಂತೆ ಕಾಣುತ್ತಿತ್ತು. ನಮ್ಮಲ್ಲಿ ನೀವು ಬಲಕ್ಕೆ ಕೂರುತ್ತೀರಿ, ಆದ್ದರಿಂದ ಬಲಗೆನ್ನೆ.

ಖಂಡಿತ ಹಚ್ಚಿ. ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಲಿ, ಅದು ಮುಖ್ಯವಾಗಿ ಯುವಿಬಿ ತಡೆಯುವ ಅಳತೆ. ಜೊತೆಗೆ ಪಿಎ+++ ಅಂತ ಇರಲಿ. ಯುವಿಎ ತಡೆಯುವ ಅಳತೆ ಅದೇ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಎಷ್ಟು ಬರುತ್ತದೋ ಅಷ್ಟು ಮುಖ ಮತ್ತು ಕತ್ತಿಗೆ ಬೇಕು. ಹೆಚ್ಚಿನವರು ಇದರ ಕಾಲು ಭಾಗ ಹಚ್ಚಿ ಪ್ರಯೋಜನವಿಲ್ಲ ಅನ್ನುತ್ತಾರೆ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಮುಖ ತೊಳೆದು ಮತ್ತೊಮ್ಮೆ ಹಚ್ಚಿ. ಬಲಗೈಗೆ ತುಂಬು ತೋಳಿನ ಹತ್ತಿ ಅಂಗಿ ಸಾಕು.

ಈಗ ಹಚ್ಚಿ ಏನು ಲಾಭ ಅಂತ ಕೇಳಬಹುದು. ಆಸ್ಟ್ರೇಲಿಯಾದಲ್ಲಿ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಹೊರಬಂತು. ದಿನಾ ಹಚ್ಚುವಂತೆ ಹೇಳಿದ ಗುಂಪಿನಲ್ಲಿ ಚರ್ಮ ಮುಪ್ಪಾಗುವುದು, ಮನಸ್ಸು ಬಂದಾಗ ಹಚ್ಚುತ್ತಿದ್ದವರಿಗಿಂತ ಶೇ 24ರಷ್ಟು ಕಡಿಮೆ ಇತ್ತು. ಅವರಲ್ಲಿ ನಡುವಯಸ್ಸಿನವರೂ ಇದ್ದರು.

ರಾತ್ರಿ ಮನೆಗೆ ಬಂದ ಮೇಲೆ ಅದನ್ನು ತೊಳೆದು ಮಲಗಿ. ಬಟ್ಟೆ ಸೋಪಿನಲ್ಲಲ್ಲ, ಮೇಲೆ ಹೇಳಿದ ಸೋಪ್ ಫ್ರೀ ಫೇಸ್‌ವಾಶಿನಲ್ಲಿ.

ಪ್ರಶ್ನೆ: ಹುಬ್ಬಳ್ಳಿಯಿಂದ. ಅವ್ವನಿಗೆ 61 ವರ್ಷ. ಹಣೆಯಲ್ಲಿ ಸ್ಟಿಕ್ಕರ್ ಟಿಕಳಿ ಅಂಟಿಸುವ ಜಾಗದಲ್ಲೇ ದುಂಡಗೆ ಬೆಳ್ಳಗಾಗಿದೆ. ಚೆನ್ನಾಗಿ ಉಜ್ಜಿ ತೊಳೆದರೆ ಹೋಗುತ್ತದೆಯೇ?

ಉಜ್ಜಬೇಡಿ. ಕೆಲವು ಟಿಕಳಿಗಳ ಅಂಟಿನಲ್ಲಿರುವ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೆಡಿಸುತ್ತದೆ. ಅದರಿಂದ ಟಿಕಳಿಯ ಅಳತೆಯಲ್ಲೇ ಬಿಳುಪಾಗುತ್ತದೆ. ಬೇಗ ನಿಲ್ಲಿಸಿ ಔಷಧಿ ಮಾಡಿದರೆ ಎಷ್ಟೋ ಮಂದಿಗೆ ಬಣ್ಣ ಮರಳುತ್ತದೆ. ಔಷಧಿ ಮಾಡದೆ ಹಾಗೇ ಬಿಟ್ಟರೆ ಹರಡಲೂಬಹುದು. ಬರೀ ಹಣೆಯಲ್ಲಿರಲು ಅವ್ವನಿಗೆ ಮನಸ್ಸಾಗುವುದಿಲ್ಲ ಅಂತ ನನಗೆ ಗೊತ್ತು. ವೈದ್ಯರು ನೋಡುವವರೆಗೆ ಆ ಬಿಳಿ ಜಾಗ ಬಿಟ್ಟು, ಸ್ವಲ್ಪ ಮೇಲೆ ಕುಂಕುಮ ಇಟ್ಟುಕೊಳ್ಳಲಿ. ಅದನ್ನೂ ಮೊದಲು ಮೊಣಕೈ ಒಳಗೆ ಎರಡು ದಿನ ಹಚ್ಚಿ, ಕೆರೆತ ಬರುವುದಿಲ್ಲ ಅಂತ ನೋಡಿಕೊಂಡು. ಟಿಕಳಿಯ ಪ್ಯಾಕೆಟ್ಟನ್ನು ಎಸೆಯಬೇಡಿ, ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ.