ಹೊಟ್ಟೆಯ ತೂತಿನ (ಲ್ಯಾಪ್ರೋಸ್ಕೋಪಿ) ಆಪರೇಷನ್‌ಗೆ ಮೊದಲು: ನಿಮ್ಮ ಪ್ರಶ್ನೆ, ಶಸ್ತ್ರವೈದ್ಯರ ಉತ್ತರ

ಪ್ರಶ್ನೆ: ನನಗೆ 43 ವರ್ಷ, ಎತ್ತರ 158 ಸೆಂ.ಮೀ., ತೂಕ 104 ಕೆ.ಜಿ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ತೇನೆ. ಮುಂದಿನ ತಿಂಗಳು ತೂಕ ಇಳಿಸಲು ಸ್ಲೀವ್ ಆಪರೇಷನ್ (ಜಠರದ ಹೆಚ್ಚಿನ ಭಾಗ ಕತ್ತರಿಸಿ ಸಪೂರ ಮಾಡುವುದು). ಅದಕ್ಕೂ ಎರಡು ವಾರ ಮೊದಲೇ ಅನ್ನ, ಕಡುಬು, ರೊಟ್ಟಿ ಎಲ್ಲ ಬಿಡಬೇಕಂತೆ. ಆಮೇಲೆ ಹೇಗೂ ತಿನ್ನೋಕಾಗಲ್ಲ, ಮೊದಲೇ ಯಾಕೆ ಈ ಪಥ್ಯ?
– ಓದುಗರು, ತೀರ್ಥಹಳ್ಳಿ

ಉತ್ತರ: ಲಿವರ್ ಕುಗ್ಗಲೆಂದು. ತೂಕ ಹೆಚ್ಚಿರುವವರ ಲಿವರ್‌ನಲ್ಲಿ ಕೊಬ್ಬು ತುಂಬಿ ದಪ್ಪಗಾಗಿರುತ್ತದೆ. ಅದರ ಎಡಭಾಗ ಜಠರದ ಮೇಲ್ತುದಿಯನ್ನು ಮುಚ್ಚಿಕೊಂಡಿರುತ್ತದೆ. ಸ್ಲೀವ್‌ನಲ್ಲಿ ಜಠರವನ್ನು ಕತ್ತರಿಸಿ ಹೊಲಿಯುವ ಸ್ಟೇಪ್ಲರ್ ಕೊನೆಯ ಸಲ ಕೂರುವುದು ಆ ಮೇಲ್ತುದಿಯಲ್ಲೇ. ಹೊಲಿಗೆ ಸೋರುವುದಿದ್ದರೆ ಹೆಚ್ಚಾಗಿ ಸೋರುವುದೂ ಅಲ್ಲೇ. ದಪ್ಪ ಲಿವರನ್ನು ಎತ್ತಿ ಹಿಡಿದಾಗ ಹರಿದು ರಕ್ತ ಬರಬಹುದು, ಕೆಲಸದ ಜಾಗ ಕಾಣದೆ ಹೊಟ್ಟೆ ತೆರೆಯಬೇಕಾಗಿಯೂ ಬರಬಹುದು. ಪಿಷ್ಟ ಕಡಿಮೆ ಮಾಡಿದರೆ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖರ್ಚು ಮಾಡುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಅದಕ್ಕೇ ಎರಡು ವಾರ ಸಾಕಾಗುತ್ತದೆ. ಆದರೆ ನಾಲ್ಕು ದಿನ ಬಾಕಿ ಇರುವಾಗ ‘ಇದೊಂದು ಸಲ’ ಎಂದು ಮದುವೆಮನೆಯಲ್ಲಿ ಹೋಳಿಗೆ ಊಟ ಮಾಡಿ ಬಂದರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ದಯವಿಟ್ಟು ಹೋಗಬೇಡಿ.

ಸಾಮಾನ್ಯವಾಗಿ ದಿನಕ್ಕೆ 800ರಿಂದ 1,000 ಕ್ಯಾಲೊರಿ, 60–70 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳುತ್ತೇವೆ. ಸಸ್ಯಾಹಾರಿಗಳಾದರೆ ಬೆಳಿಗ್ಗೆ 200 ಮಿ.ಲೀ. ಕೆನೆ ತೆಗೆದ ಹಾಲಿಗೆ ಒಂದು ಅಳತೆ ಪ್ರೋಟೀನ್ ಪುಡಿ, ಮಧ್ಯಾಹ್ನ 100 ಗ್ರಾಂ ಪನೀರ್ ಜೊತೆ ಬೇಯಿಸಿದ ತರಕಾರಿ, ಸಂಜೆ ನೀರು ಮಜ್ಜಿಗೆ, ರಾತ್ರಿ ಒಂದು ಬಟ್ಟಲು ಬೇಯಿಸಿದ ಹೆಸರುಕಾಳು. ಮೀನು, ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ: ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ತಂಬುಳಿ ಮಾಡಿದರೆ ಕಾಯಿ ಹಾಕಬೇಡಿ. ಗಂಜಿ ಹಗುರ ಎಂದು ಕುಡಿಯುವವರಿದ್ದಾರೆ, ಅದೂ ಅಕ್ಕಿಯೇ.

ನಿಮ್ಮ ವಿಷಯದಲ್ಲಿ ಪಥ್ಯಕ್ಕಿಂತ ನಮಗೆ ಆತಂಕ ಮಾತ್ರೆಗಳದ್ದು. ಅನ್ನ ಬಿಟ್ಟು ಗ್ಲಿಮಿಪಿರೈಡನ್ನು ಮೊದಲಿನ ಪ್ರಮಾಣದಲ್ಲೇ ನುಂಗಿದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಡಾಪಾಗ್ಲಿಫ್ಲೋಜಿನ್ ಬೇರೆ ರೀತಿಯ ಅಪಾಯ ತರುತ್ತದೆ. ಇದನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ಪಿಷ್ಟವಿಲ್ಲದ ಪಥ್ಯ ಮಾಡುವವರು ಪಥ್ಯದ ಮೊದಲ ದಿನದಿಂದಲೇ ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಬೇಕು. ನಿಲ್ಲಿಸದಿದ್ದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುತ್ತದೆ, ಆದರೆ ಗ್ಲೂಕೋಮೀಟರ್‌ನಲ್ಲಿ ಶುಗರ್ ಹೆಚ್ಚೇನೂ ತೋರಿಸದಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ‘ಶುಗರ್ ಸರಿ ಇದೆ’ ಎಂದು ಮನೆಯಲ್ಲಿ ಕೂರಬೇಡಿ. ಪಥ್ಯ ಶುರು ಮಾಡುವ ಮೊದಲೇ ಮಾತ್ರೆಯ ಚೀಟಿ ಹಿಡಿದು ಶುಗರ್ ವೈದ್ಯರನ್ನು ಕಾಣಿ. ನಾಟಿ ಔಷಧಿ, ಕಷಾಯದ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 42. 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಆಪರೇಷನ್ ಸೂಚಿಸಬಹುದು ಎಂಬುದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆದರೆ ಸ್ಲೀವೋ ಬೈಪಾಸೋ (ಜಠರದ ಪುಟ್ಟ ಚೀಲಕ್ಕೆ ಕರುಳನ್ನು ಜೋಡಿಸುವುದು) ಎಂದು ತೀರ್ಮಾನಿಸುವ ಮೊದಲು ಎಂಡೋಸ್ಕೋಪಿ ಆಗಿರಲಿ: ಎದೆಯುರಿ, ಹುಳಿತೇಗು ಜೋರಾಗಿದ್ದವರಿಗೆ ಸ್ಲೀವ್ ಆದ ಮೇಲೆ ಅದು ಹೆಚ್ಚುವುದುಂಟು. ಬಿ12, ವಿಟಮಿನ್ ಡಿ, ಫೆರಿಟಿನ್ (ಕಬ್ಬಿಣದ ಸಂಗ್ರಹ), ಥೈರಾಯ್ಡ್ ಕೂಡ ನೋಡಿಸಿ. ರಾತ್ರಿ ಗೊರಕೆ ನಡುವೆ ಉಸಿರು ನಿಂತು ಬೆಚ್ಚಿ ಏಳುವುದಿದ್ದರೆ ನಿದ್ರೆಯ ಪರೀಕ್ಷೆ ಬೇಕು. ನಿದ್ರೆಯಲ್ಲಿ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರೆ ಮನೆಯಲ್ಲಿ ಕೆಲವು ವಾರ ರೂಢಿಮಾಡಿಕೊಂಡು ಆಸ್ಪತ್ರೆಗೂ ಅದನ್ನೇ ತನ್ನಿ.

ಪ್ರಶ್ನೆ: ಅಪ್ಪನಿಗೆ 64. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಮಾಡಿಸಬೇಕು. ದಿನವಿಡೀ ಎಲೆ-ಅಡಿಕೆ, ಹೊಗೆಸೊಪ್ಪು ಬಾಯಲ್ಲಿರುತ್ತದೆ. ಹೊಟ್ಟೆಯ ಆಪರೇಷನ್‌ಗೂ ಇದಕ್ಕೂ ಸಂಬಂಧ ಇದೆಯೆ?
– ಓದುಗರು, ಸಾಗರ

ಉತ್ತರ: ಇದೆ. ಈ ಆಪರೇಷನ್‌ಗೆ ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗಿರಬಹುದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯಿಂದಲೂ ಹೀಗಾಗುತ್ತದೆ. ಅಡಿಕೆಯ ಸೀಮೆಯಲ್ಲಿ ಇದನ್ನು ಬರೆಯುವುದು ಹಿತವಲ್ಲ, ಆದರೆ ಬರೆಯಲೇಬೇಕು. ಅಪ್ಪನಿಗೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ-ಕೆಳಗಿನ ಹಲ್ಲಿನ ನಡುವೆ ಇಡಲು ಹೇಳಿ. ಹಿಡಿಸದಿದ್ದರೆ ಅರಿವಳಿಕೆ ವೈದ್ಯರಿಗೆ ತಪಾಸಣೆಯ ದಿನವೇ ತಿಳಿಸಿ. ಕ್ಯಾಮೆರಾ ಇರುವ ಸಪೂರ ಕೊಳವೆ ಬೇಕಾದರೆ ಅವರು ಸಿದ್ಧಮಾಡಿಕೊಳ್ಳಬೇಕು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ವಿಷಯವನ್ನೂ ಹೇಳಿ.

ಹೊಗೆಸೊಪ್ಪನ್ನು ಕನಿಷ್ಠ ನಾಲ್ಕು ವಾರ ಮೊದಲು ಬಿಡಲಿ. ನಿಕೋಟಿನ್ ರಕ್ತನಾಳ ಬಿಗಿಸಿ ಗಾಯ ಮಾಯುವುದನ್ನು ತಡ ಮಾಡುತ್ತದೆ. ಆಪರೇಷನ್ ದಿನ ಬಾಯಲ್ಲಿ ಏನೂ ಇರಬಾರದು. ಘನ ಆಹಾರ ಮತ್ತು ಹಾಲು ಆರು ಗಂಟೆ ಮೊದಲು, ತಿಳಿನೀರು ಎರಡು ಗಂಟೆ ಮೊದಲು ನಿಲ್ಲಬೇಕು. ನಮ್ಮ ಕಡೆಯ ಹಾಲು ಹಾಕಿದ ಕಷಾಯ ಊಟದ ಲೆಕ್ಕಕ್ಕೇ ಸೇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ, ನೀವಾಗಿಯೇ ನಿಲ್ಲಿಸಬೇಡಿ.

ಹೊಕ್ಕುಳನ್ನು ಹಿಂದಿನ ದಿನ ಎಣ್ಣೆ ಹತ್ತಿಯಿಂದ ಶುಚಿ ಮಾಡಿ, ಸೋಪು ಹಚ್ಚಿ ಸ್ನಾನ ಮಾಡಿಸಿ. ಒಂದು ತೂತು ಹೆಚ್ಚಾಗಿ ಅಲ್ಲೇ ಬರುತ್ತದೆ. ಮನೆಯಲ್ಲಿ ಬ್ಲೇಡಿನಿಂದ ಕೂದಲು ಬೋಳಿಸಬೇಡಿ, ಸಣ್ಣ ಗೀರುಗಳಲ್ಲಿ ಸೋಂಕು ಸೇರುತ್ತದೆ. ಆಪರೇಷನ್ ಆದ ಒಂದೆರಡು ದಿನ ಭುಜ ನೋಯುವುದು ಸಹಜ. ಹೊಟ್ಟೆ ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಎದೆ-ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುತ್ತದೆ, ಆ ನರದ ನೋವು ಭುಜದಲ್ಲಿ ಕಾಣುತ್ತದೆ. ನಡೆದಾಡಿದರೆ ಕಡಿಮೆಯಾಗುತ್ತದೆ.

ಪ್ರಶ್ನೆ: ತಂಗಿಗೆ ಜುಲೈನಲ್ಲಿ ಶಿವಮೊಗ್ಗದಲ್ಲಿ ತೂಕ ಇಳಿಸುವ ಬೈಪಾಸ್. ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರಂತೆ. ನಮ್ಮೂರಿಗೆ ಮಳೆಗಾಲದಲ್ಲಿ ಬಸ್ಸು ಬಂದರೆ ಬಂತು. ಏನು ಮಾಡೋಣ?
– ಓದುಗರು, ಹೊಸನಗರ

ಉತ್ತರ: ಬಿಡುಗಡೆಯಾದ ಮೇಲೆ ಒಂದು ವಾರ, ಸಾಧ್ಯವಾದರೆ ಹತ್ತು ದಿನ, ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿರಲಿ. ಹೊಲಿಗೆಯ ಸೋರಿಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ದಿನಗಳಲ್ಲೇ. ಕೂತಲ್ಲೇ ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಏದುಸಿರು, ಬಿಡದ ಎಡಭುಜ ನೋವು: ಇವುಗಳಲ್ಲಿ ಒಂದಿದ್ದರೂ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಬನ್ನಿ. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಬನ್ನಿ, ರಕ್ತ ಹೆಪ್ಪುಗಟ್ಟಿರಬಹುದು. ಮಳೆಗಾಲ ತಪ್ಪಿಸಿ ಅಡಿಕೆ ಕೊಯ್ಲಿನ ಹೊತ್ತಿಗೆ ಮಾಡಿಸೋಣ ಎಂದುಕೊಂಡರೆ ಇನ್ನೊಂದು ತೊಡಕಿದೆ: ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಕೊಯ್ಲಿನ ಮನೆಯಲ್ಲಿ ಸುಮ್ಮನೆ ಕೂರಲು ಯಾರೂ ಬಿಡುವುದಿಲ್ಲ. ನಮ್ಮ ಮಟ್ಟಿಗೆ, ನೆಂಟರ ಮನೆ ಖಚಿತವಾಗಿದ್ದರೆ ಜುಲೈಯೇ ಆಗಲಿ.

ಎರಡು ವಾರ ದ್ರವಾಹಾರ, ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗದಿರಲಿ. ಬೈಪಾಸ್ ಆದವರಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ವಾಂತಿ ಎರಡು ದಿನ ಮೀರಿ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗಾದರೂ ಕರೆದೊಯ್ಯಿರಿ, ಬೈಪಾಸ್ ಆಗಿದೆ ಎಂದು ಮೊದಲು ಹೇಳಿ, ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ವಿಟಮಿನ್ ಬಿ1 ಇಂಜೆಕ್ಷನ್ ಕೊಡಲು ಕೇಳಿ. ಬಿ1 ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ಈ ಮಾತನ್ನು ಬಿಡುಗಡೆ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.